ಒಳಗೆ ಲೈಟು ಹಚ್ಚಿಕೊಂಡು ಬರುತ್ತಿದ್ದ ಗಾಡಿ

ಸುಟ್ಟ ಧೂಳಿನ ವಾಸನೆ. ಹಳಿಯಾಳದ ಅಂಗಡಿಯವನು ನನ್ನ ಕಾರಿನ ಒಳಗಿನ ಲೈಟಿನ ಮುಚ್ಚಳ ತೆಗೆದು, ಕಪ್ಪಾಗಿದ್ದ ಹಳೆಯ ಬಲ್ಬನ್ನು ಕೈಗಿಟ್ಟಾಗ ಅದು ಮೂಗಿಗೆ ಬಡಿಯಿತು.

"ಎಲ್‌ಇಡಿ ಹಾಕ್ತೇನ್ರಿ ಅಕ್ಕಾರ. ಬಿಸಿ ಆಗೂದಿಲ್ಲ, ಬ್ಯಾಟರಿನೂ ಉಳೀತೈತಿ" ಎಂದ. ಹಾಕಿದ, ಹತ್ತಲಿಲ್ಲ. ತುದಿ ಬದಲಿಸಿ ಹಾಕಿದ ಮೇಲೆ ಕಣ್ಣು ಕುಕ್ಕುವ ಹಾಗೆ ಬೆಳಗಿತು. ನನಗೆ ಮಾತ್ರ ಒಂದು ಕಡೆ ನಿಲ್ಲಲಾಗಲಿಲ್ಲ. ಹಳೆಯ ಬಲ್ಬನ್ನು ಮುಷ್ಟಿಯಲ್ಲಿ ಹಿಡಿದು ಅಂಗಡಿಯ ಮುಂದೆ ಸುಮ್ಮನೆ ಅತ್ತಿಂದಿತ್ತ ಓಡಾಡಿದೆ.

ಅದು ಕಾಕಾರ ಗಾಡಿಯ ವಾಸನೆ... ತೊಂಬತ್ತರ ದಶಕ. ನಾನು ಹಳಿಯಾಳದಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಕ್ಲಾಸು ಮುಗಿಯುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ನಮ್ಮ ಪಕ್ಕದ ಮನೆಯ ಕಾಕಾ ತಮ್ಮ ಹಳೆಯ ಅಂಬಾಸಿಡರಿನಲ್ಲಿ ಸೀಟು ತುಂಬಿಸಿಕೊಂಡು ಹಳಿಯಾಳಕ್ಕೂ ದಾಂಡೇಲಿಗೂ ಓಡಿಸುತ್ತಿದ್ದರು. ನಾನು ಅದರಲ್ಲೇ ದಾಂಡೇಲಿ ಹಾದಿಯ ಅಂಬೇವಾಡಿಯ ಮನೆಗೆ ಬರುತ್ತಿದ್ದೆ.

ಅವ್ವನಿಗೆ ಇದು ಸುತರಾಂ ಬೇಡವಾಗಿತ್ತು. ಕಾಡಿನ ರಸ್ತೆ, ಕತ್ತಲು, ಗುರುತಿಲ್ಲದ ಗಂಡಸರ ನಡುವೆ ಮಗಳು. "ನಾಳಿಂದ ಹೋಗಬ್ಯಾಡ" ಎಂದು ಒಂದು ದಿನ ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ಆ ಕೆಲಸ ಹೋದರೆ ನನಗೆ ಹೊಸ್ತಿಲಾಚೆ ಬೇರೇನೂ ಇರಲಿಲ್ಲ. ಜೋರಾಗಿ ಅತ್ತೆ. ಬೇಲಿಯಾಚೆ ಕಾಕಾಗೆ ಕೇಳಿಸಿರಬೇಕು, ಬಂದು ಅವ್ವನಿಗೆ ಹೇಳಿದರು.

"ವೈನಿ, ಗಾಡಿ ಒಳಗ ಲೈಟ್ ಹಚ್ಚಿಕೊಂಡ ಬರ್ತೇನಿ. ಅಂಬೇವಾಡಿ ತಿರುವಿನಾಗ ನಿಂತ ನೋಡ್ರಿ. ಮಗಳ ಮುಖ ಕಾಣಲಿಲ್ಲಂದ್ರ ಮರುದಿನ ಕಳಸಬ್ಯಾಡ್ರಿ."

ಅಂದಿನಿಂದ ದಾರಿಯುದ್ದಕ್ಕೂ ಆ ಹಳದಿ ಲೈಟು, ಅದು ಕಾದು ಧೂಳು ಸುಟ್ಟ ವಾಸನೆ. ಕಾಕಾ ಸ್ಟಿಯರಿಂಗಿನ ಮೇಲೆ ಬಾಗಿ, ಮುಂದಿನ ಗಾಜಿಗೆ ಮೂಗು ತಾಗಿಸುವಂತೆ ಕೂತು ಓಡಿಸುತ್ತಿದ್ದರು. "ಇವತ್ತ ಕಾಕಾ ಗಾಜಿಗೆ ಮುತ್ತು ಕೊಡೂದ ಖರೆ ನೋಡ್ರಿ" ಎಂದು ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ. ವಯಸ್ಸಾಯಿತು, ಕಣ್ಣು ಮಂಜಾಗಿದೆ ಎಂದುಕೊಂಡಿದ್ದೆವು... ತಿರುವಿನಲ್ಲಿ ಸೆರಗು ಹೊದ್ದು ನಿಂತ ಅವ್ವ, ನನ್ನ ಮುಖ ಕಂಡದ್ದೇ ತಡ, ನಾನು ಇಳಿಯುವುದಕ್ಕೂ ಕಾಯದೆ ಮನೆಯ ಕಡೆ ನಡೆದುಬಿಡುತ್ತಿದ್ದಳು.

ಒಂದು ಸಂಜೆ ಅರ್ಧ ದಾರಿಯಲ್ಲಿ ಗಾಡಿ ಗುಂಡಿಗೆ ಬಿದ್ದು ಒಳಗಿನ ಲೈಟು ಹೋಯಿತು. ಮುಗಿಯಿತು ನನ್ನ ಕೆಲಸ! ಕಾಕಾ ಗಾಡಿ ನಿಲ್ಲಿಸಿ ಇಳಿದು, ಹಿಂದಿನ ನಂಬರ್ ಪ್ಲೇಟಿನ ಬಲ್ಬನ್ನು ಕಿತ್ತು ತಂದರು. ಬಿಸಿ ತಾಗಿದ ಬೆರಳನ್ನು ಉಫ್ ಎಂದು ಊದಿಕೊಳ್ಳುತ್ತಲೇ ಅದನ್ನು ಒಳಗೆ ಸಿಕ್ಕಿಸಿದರು.

"ಪೊಲೀಸ್ರು ಹಿಡದ್ರ ಏನ್ ಮಾಡ್ತೀರಿ ಕಾಕಾ?" ಎಂದರು ಯಾರೋ.

"ಅವ್ರಿಗೆ ಏನರ ಹೇಳ್ತೇನಿ. ತಿರುವಿನಾಗ ನಿಂತಾಕಿಗೆ ಏನ್ ಹೇಳ್ಲಿ?"

ಅವತ್ತೂ ಅವ್ವ ನೋಡಿದಳು, ತಿರುಗಿ ನಡೆದಳು. ಕೆಲಸ ಉಳಿಯಿತು. ಇಂದು ನನ್ನದೇ ಕಾರು ಇದ್ದರೆ ಅದು ಆ ಕೆಲಸದಿಂದ.

ಅಂಗಡಿಯಿಂದ ಹೊರಡುವಾಗ ಕತ್ತಲಾಗಿತ್ತು. ಏನನ್ನಿಸಿತೋ, ಹೊಸ ಲೈಟು ಹಚ್ಚಿಕೊಂಡೇ ಹೊರಟೆ. ಕಾಡು ಶುರುವಾದದ್ದೇ ಗಾಬರಿಯಾಯಿತು. ಮುಂದಿನ ಗಾಜಿನ ತುಂಬ ನನ್ನದೇ ಮುಖ, ಹಿಂದಿನ ಖಾಲಿ ಸೀಟು, ರಸ್ತೆಯೇ ಕಾಣದು. ಬಾಗಿದೆ. ಇನ್ನೂ ಬಾಗಿದೆ, ಮೂಗು ಗಾಜಿಗೆ ತಾಗುವಷ್ಟು...

ಕಾಕಾರ ಕಣ್ಣಿಗೆ ಏನೂ ಆಗಿರಲಿಲ್ಲ.

ತಟ್ಟನೆ ಲೈಟು ಆರಿಸಿಬಿಟ್ಟೆ. ನಾವು ಅಷ್ಟು ನಕ್ಕರೂ ಒಮ್ಮೆಯಾದರೂ ಹೇಳಬಾರದಿತ್ತೇ ಈ ಪುಣ್ಯಾತ್ಮ, ಎಂದು ಸಿಟ್ಟು ಬಂತು, ಅಳುವೂ ಬಂತು. ಕೇಳೋಣವೆಂದರೆ ಈಗ ಕಾಕಾ ಇಲ್ಲ. ಅವ್ವನೂ ಇಲ್ಲ.

ಅಂಬೇವಾಡಿ ತಿರುವು ಬಂತು. ಕಾರು ನಿಧಾನ ಮಾಡಿ ಮತ್ತೆ ಲೈಟು ಹಚ್ಚಿ, ಮುಖವನ್ನು ಕಿಟಕಿಯ ಕಡೆ ತಿರುಗಿಸಿದೆ. ಅಲ್ಲಿ ಯಾರೂ ನಿಂತಿರಲಿಲ್ಲ.