ದೋಣಿ ಬಣ್ಣದ ಡೆಸ್ಕ್‌ಟಾಪ್

ಸದಾಶಿವಗಡದ ನಮ್ಮ ಮನೆಯಲ್ಲಿ ಆಗ ಇಂಟರ್‌ನೆಟ್ ಇರಲಿಲ್ಲ. ಕಂಪ್ಯೂಟರ್ ಇತ್ತು, ಪತ್ರಿಕೆಯ ಜೊತೆ ಬಂದ ಸಿ.ಡಿ.ಯಿಂದ ಹಾಕಿಕೊಂಡ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಇತ್ತು, ಸಂಜೆ ಅದರ ಮುಂದೆ ಕೂತು ಪರದೆಯ ರೂಪ ಬದಲಿಸುವ ಹುಚ್ಚು ನನಗಿತ್ತು. ಮನೆಯವರು ಅದನ್ನು ‘ಕಂಪ್ಯೂಟರಿಗೆ ರಂಗೋಲಿ’ ಎನ್ನುತ್ತಿದ್ದರು.

ನಾನು ಅಂಕೋಲೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅಲ್ಲಿಯ ಗಣಿತದ ಮಾಸ್ತರರಿಗೂ ಇದೇ ಹುಚ್ಚು. ಕಾರವಾರದಿಂದ ಇಬ್ಬರದೂ ಒಂದೇ ಬಸ್ಸು. ಅವರ್ಸಾ ದಾಟಿದರೂ ನಮ್ಮ ಮಾತೆಲ್ಲ ಕಿಟಕಿಯ ಅಂಚು, ಬಣ್ಣ, ಫಾಂಟು. ಹಿಂದಿನ ಸೀಟಿನವರಿಗೆ ನಾವು ಮನೆ ಕಟ್ಟಿಸುತ್ತಿದ್ದೇವೆ ಅನ್ನಿಸಿರಬೇಕು. ಲಿನಕ್ಸಿನವರು ತಾವು ಸಿಂಗರಿಸಿದ ಪರದೆಯ, ಅಂದರೆ ಡೆಸ್ಕ್‌ಟಾಪಿನ ಸ್ಕ್ರೀನ್‌ಶಾಟ್ ಹಾಕುವ ತಾಣವೊಂದಿದೆ ಎಂದು ಹೇಳಿದವರೂ ಅವರೇ.

ಆ ವರ್ಷದ ಬೇಸಿಗೆ ರಜೆಯೆಲ್ಲ ಒಂದು ಡೆಸ್ಕ್‌ಟಾಪಿಗೇ ಹೋಯಿತು. ಬೈತಖೋಲ ಬಂದರಿನಲ್ಲಿ ನಿಂತ ಟ್ರಾಲರು ದೋಣಿಗಳ ಫೋಟೋ ತೆಗೆದು ಹಿನ್ನೆಲೆಗೆ ಹಾಕಿದೆ. ಅವುಗಳ ಮಾಸಿದ ಹಸಿರು, ತುಕ್ಕಿನ ಕೆಂಪನ್ನೇ ಕಿಟಕಿಗಳ ಅಂಚಿಗೆ ತಂದೆ. ಮೆನುಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿದೆ. ಮೊದಮೊದಲು ಒತ್ತಕ್ಷರಗಳು ಮುರಿದು ಪಕ್ಕಕ್ಕೆ ಬೀಳುತ್ತಿದ್ದವು. ಅವು ಸರಿಯಾಗಿ ಕೂತ ದಿನ ನಾನು ಒಬ್ಬಳೇ ಚಪ್ಪಾಳೆ ತಟ್ಟಿದ್ದೆ.

ಶಾಲೆ ಶುರುವಾದ ಮೇಲೆ ಸ್ಕ್ರೀನ್‌ಶಾಟನ್ನು ಪೆನ್‌ಡ್ರೈವಿನಲ್ಲಿ ಮಾಸ್ತರರಿಗೆ ಕೊಟ್ಟೆ. ಅವರ ಮನೆಯಲ್ಲಿ ಇಂಟರ್‌ನೆಟ್ ಇತ್ತು.

“ನಾನು ಹಾಕ್ತೆ ಅಕ್ಕೋರೆ, ನಿಮ್ಮ ಹೆಸರಲ್ಲೇ ಹಾಕ್ತೆ,” ಅಂದರು.

ಒಂದು ಭಾನುವಾರ ಕಾರವಾರದ ಸೈಬರ್ ಕೆಫೆಗೆ ಹೋಗಿ ಆ ತಾಣ ತೆರೆದು ನೋಡಿದೆ. ನನ್ನ ಡೆಸ್ಕ್‌ಟಾಪು, ಅವರ ಹೆಸರು. ಕೆಳಗೆ ಹೊಗಳಿಕೆಯ ಸಾಲು. ‘ಈ ಬಣ್ಣ ಎಲ್ಲಿಂದ ಹೊಳೆಯಿತು?’ ಎಂದು ಯಾರೋ ಕೇಳಿದ್ದರು. ‘ನಮ್ಮೂರ ಬಂದರಿನ ದೋಣಿಗಳಿಂದ. ಬೆಳಿಗ್ಗೆ ಮೀನು ಇಳಿಸುವಾಗ ನಿಂತು ನಾನೇ ಫೋಟೋ ತೆಗೆದೆ,’ ಎಂದು ಅವರು ಬರೆದಿದ್ದರು. ಬಸ್ಸಿನಲ್ಲಿ ನಾನು ಅವರಿಗೆ ಹೇಳಿದ್ದ ಮಾತೇ ಅದು. ಚಿತ್ರ ಹೋದದ್ದಕ್ಕಿಂತ ಆ ಮಾತು ಹೋದದ್ದು ನನ್ನನ್ನು ಸುಟ್ಟಿತು.

ಮರುದಿನ ಬಸ್ಸಿನಲ್ಲೇ ಕೇಳಿದೆ. “ಖಾತೆ ನಂದಲ್ವಾ, ಹಂಗಾಗಿ ನನ್ನ ಹೆಸರು ಬಂತು. ತಿದ್ತೆ ಬಿಡಿ,” ಅಂದರು. ಕಾದೆ. ತಿದ್ದಲಿಲ್ಲ.

ಕೊನೆಗೆ ಕೆಫೆಯಲ್ಲಿ ನನ್ನದೇ ಖಾತೆ ತೆರೆದು, ಅವೇ ಬಣ್ಣಗಳಲ್ಲಿ ಮಾಡಿದ ಇನ್ನೊಂದು ಡೆಸ್ಕ್‌ಟಾಪ್ ಹಾಕಿದೆ. ಬಂದ ಮೊದಲ ಉತ್ತರ, ‘ಇದು ಅವರದ್ದರ ನಕಲು. ಕೃತಜ್ಞತೆಗಾದರೂ ಅವರ ಹೆಸರು ಹಾಕಬಾರದೆ?’ ಅದರ ಕೆಳಗೆ ಮಾಸ್ತರರು ದೊಡ್ಡ ಮನಸ್ಸು ಮಾಡಿದ್ದರು: ‘ಇರಲಿ ಬಿಡಿ, ನಮ್ಮ ಶಾಲೆಯವರೇ. ನಾನೇ ಕಲಿಸಿದ್ದು.’

ನಡೆದದ್ದನ್ನೆಲ್ಲ ಬರೆದು, ಮೂಲ ಫೋಟೋವನ್ನೂ ಹಾಕಿದೆ. ವೈಯಕ್ತಿಕ ಜಗಳಕ್ಕೆ ಇಲ್ಲಿ ಜಾಗವಿಲ್ಲ ಎಂದು ತಾಣ ನಡೆಸುವವರು ಆ ಚರ್ಚೆಗೇ ಬೀಗ ಹಾಕಿದರು. ಶಾಲೆಯಲ್ಲಿ ಮುಖ್ಯಾಧ್ಯಾಪಕಿ, ನಮ್ಮ ಹೆಡ್‌ಬಾಯಿಯವರ ಹತ್ತಿರ ಹೇಳಿಕೊಂಡೆ. ಅವರು ಪಾಪ, ಅರ್ಥ ಮಾಡಿಕೊಳ್ಳಲು ನೋಡಿದರು. “ಅಲ್ಲ, ಕಂಪ್ಯೂಟರ್ ನಿಮ್ಮನೇಲೇ ಇದೆ ಅಲ್ವಾ? ಮತ್ತೆ ಕದ್ದದ್ದು ಎಂತದು?” ಅಂದರು.

ಆಮೇಲೆ ನಾನು ಮಾಸ್ತರರ ಬಸ್ಸಿಗಿಂತ ಮುಂಚಿನ ಬಸ್ಸಿಗೆ ಹೋಗತೊಡಗಿದೆ. ಯಾರಿಗೂ ಏನನ್ನೂ ತೋರಿಸಲಿಲ್ಲ.

ಅವರಿಗೆ ವರ್ಗವಾದಾಗ ಬೀಳ್ಕೊಡುಗೆಯಲ್ಲಿ ನನ್ನನ್ನೂ ಮಾತಾಡಲು ಎಬ್ಬಿಸಿದರು. ಒಳ್ಳೆಯ ಗಣಿತ ಮಾಸ್ತರರು ಅಂದೆ. ಅದು ನಿಜವೂ ಹೌದು. ಶಿರಾ ತಿನ್ನುವಾಗ ಅವರು ಹತ್ತಿರ ಬಂದು ಮೆಲ್ಲಗೆ, “ಹಳೇದೆಲ್ಲ ಮನಸಲ್ಲಿ ಇಟ್ಕಳಬೇಡಿ ಅಕ್ಕೋರೆ,” ಅಂದರು.

“ಇಟ್ಕಂಡಿದ್ದೆ ಮಾಸ್ತರೆ,” ಅಂದೆ. “ಮುಂದೂ ಇಟ್ಕಳ್ತೆ.”

ಅವರು ನಕ್ಕು, ಕೈ ತೊಳೆಯಲು ಹೋದರು.