ಸ್ಟೆತಸ್ಕೋಪು ಹಾಕಿಕೊಂಡು ಹೇಳಿದ ಸುಳ್ಳು

ಅಂಗಡಿಯವರು ನಮಗೆ ತೋರಿಸಿದ ಸ್ಟೆತಸ್ಕೋಪುಗಳು ಆರೋ ಎಂಟೋ, ಸರಿಯಾಗಿ ನೆನಪಿಲ್ಲ. ನನ್ನ ಡೈರಿಯಲ್ಲಿ ‘ಏಳು’ ಎಂದಿದೆ. ಆದರೆ ಆ ಡೈರಿ ಬರೆದದ್ದು ಮರುದಿನ, ಅದೂ ಓಡುವ ಬಸ್ಸಿನಲ್ಲಿ. ಕೊನೆಗೆ ಕೊಂಡದ್ದರ ಪೈಪು ಯಾವ ಬಣ್ಣ? ಮರೂನ್ ಎಂದು ನಾನು. ಚಾಕಲೇಟ್ ಎಂದು ನನ್ನ ತಮ್ಮನ ಮಗಳು ಪಲ್ಲವಿ. ಈಗ ಅದು ಅವಳ ಕೊರಳಲ್ಲಿದೆ, ಆದ್ದರಿಂದ ಅವಳ ಮಾತೇ ನಿಜವಿರಬೇಕು.

ಒಂದು ಮಾತ್ರ ಚೆನ್ನಾಗಿ ನೆನಪಿದೆ. ಆ ಅಂಗಡಿಯಲ್ಲಿ ನಿಂತು ನಾನು ಸುಳ್ಳು ಹೇಳಿದೆ.

ಪಲ್ಲವಿ ಗೋಕಾಕದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮೊದಲ ವರ್ಷದಲ್ಲಿ ಓದುತ್ತಿದ್ದಾಳೆ. ನಾನು ಹುಕ್ಕೇರಿಯಲ್ಲಿ ಇತಿಹಾಸ ಪಾಠ ಮಾಡುವವಳು. (ನೆನಪನ್ನು ನಂಬದಿರುವ ಚಟ ಅಂಟಿಕೊಂಡದ್ದು ಅಲ್ಲಿಂದಲೇ.) ಅವಳಿಗೆ ಸೀಟು ಸಿಕ್ಕ ದಿನ, ‘ನಿನ್ನ ಸ್ಟೆತಸ್ಕೋಪು ನಾನೇ ಕೊಡಿಸುತ್ತೇನೆ’ ಎಂದು ಮಾತು ಕೊಟ್ಟಿದ್ದೆ. ಕೊಟ್ಟ ಮೇಲೆ ಮರೆತಿದ್ದೆ. ಅವಳು ಮರೆತಿರಲಿಲ್ಲ. ಮೊನ್ನೆ ಶನಿವಾರದ ಹಿಂದಿನ ಶನಿವಾರ ಫೋನು ಬಂತು.

"ಅತ್ತಿ, ಇವತ್ತ ಬರ್ತಿಯೇನ? ಸೋಮವಾರದೊಳಗ ಬೇಕ ಅದು."

"ಅಷ್ಟ ಅರ್ಜೆಂಟ್ ಏನೈತಿ?"

"ಐತಿ. ಬಾ ನೀ."

ಹೋದೆ. ಹೋಗುವ ಮೊದಲು ನನ್ನ ಓದಿದ ತಲೆಗೆ ತಕ್ಕಂತೆ ಇಂಟರ್ನೆಟ್ಟಿನಲ್ಲಿ ಎರಡು ತಾಸು ಓದಿಕೊಂಡೂ ಹೋದೆ. ಯಾವುದರ ಬಿಲ್ಲೆ ಉಕ್ಕಿನದು, ಯಾವುದರ ಪೈಪು ದಪ್ಪ, ಯಾವುದನ್ನು ಹೃದಯದ ಡಾಕ್ಟರುಗಳು ಮಾತ್ರ ಬಳಸುತ್ತಾರೆ, ಎಲ್ಲ ಬಾಯಿಪಾಠ. ಸ್ಟೆತಸ್ಕೋಪನ್ನು ಜೀವನದಲ್ಲಿ ಒಮ್ಮೆಯೂ ಕಿವಿಗೆ ಹಾಕಿಕೊಂಡಿಲ್ಲ ಎನ್ನುವುದು ಬೇರೆ ಮಾತು.

ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದ ಅಂಗಡಿ. ಗಾಲಿಕುರ್ಚಿ, ಊರುಗೋಲು, ಸೊಂಟದ ಪಟ್ಟಿಗಳ ನಡುವೆ ಕನ್ನಡಕದ ಹಿರಿಯರೊಬ್ಬರು ಕುಳಿತಿದ್ದರು. ಪಲ್ಲವಿ ಅವರನ್ನು ಕಾಕಾ ಅಂದಳು, ನಾನೂ ಕಾಕಾ ಅಂದೆ. ಅವರು ಕೌಂಟರಿನ ಮೇಲೆ ಒಂದೊಂದೇ ಡಬ್ಬಿ ಬಿಚ್ಚಿದರು. ಪಲ್ಲವಿ ಒಂದೊಂದನ್ನೇ ಕಿವಿಗಿಟ್ಟು ತನ್ನ ಎದೆಯ ಮೇಲೆ ಬಿಲ್ಲೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದಳು. ಮತ್ತೆ ತೆಗೆದು ಕೆಳಗಿಡುತ್ತಿದ್ದಳು. ಮುಖದಲ್ಲಿ ಏನೋ ಕಳೆದುಕೊಂಡವಳ ಕಳೆ.

"ಇನ್ನೊಂದ ತೋರಸ್ರಿ ಕಾಕಾ."

"ತಂಗಿ, ಇವೆಲ್ಲಾ ಕೇಳಸ್ತಾವ. ನಿನಗ ಬಣ್ಣ ಯಾವುದ ಬೇಕ ಹೇಳ."

ಇಲ್ಲಿ ನಾನು ಬಾಯಿ ಹಾಕಿದೆ. ಹೃದಯದ ಡಾಕ್ಟರುಗಳದ್ದು ಬೇಕು ಎಂದೆ. ಕಾಕಾ ನನ್ನನ್ನು ಒಮ್ಮೆ ನೋಡಿ, ಒಳಗಿನ ಕಪಾಟಿನಿಂದ ಭಾರವಾದ, ದುಬಾರಿಯದೊಂದನ್ನು ತಂದು ನನ್ನ ಕೈಗೇ ಕೊಟ್ಟರು. ಹಾಕಿಕೊಂಡೆ. ಬಿಲ್ಲೆಯನ್ನು ಪಲ್ಲವಿಯ ಬೆನ್ನಿಗಿಟ್ಟೆ.

ಏನೂ ಇಲ್ಲ. ಬಾವಿಯಲ್ಲಿ ಮುಳುಗಿದ ಹಾಗೆ ನಿಶ್ಶಬ್ದ.

"ಕೇಳಸ್ತೇನ್ರಿ ಮೇಡಮ್ಮರ?"

ನಾನು ಎಮ್.ಎ., ಪಿಎಚ್.ಡಿ. ಬಾಜೂಕ ಇನ್ನಿಬ್ಬರು ಗಿರಾಕಿಗಳು ನಿಂತು ನೋಡುತ್ತಿದ್ದಾರೆ. ಏನು ಹೇಳಲಿ?

"ಹೂಂ. ಭಾಳ ಚಲೋ ಕೇಳಸ್ತೈತಿ. ಕ್ಲಿಯರ್ ಐತಿ."

ಕಾಕಾ ನಗಲಿಲ್ಲ. ಅದೇ ಅವರ ದೊಡ್ಡತನ. ಕೈ ಚಾಚಿ ಬಿಲ್ಲೆಯನ್ನು ಟಕ್ ಎಂದು ಅರ್ಧ ಸುತ್ತು ತಿರುಗಿಸಿದರು. "ಇದಕ್ಕ ಎರಡ ಮುಖ ಇರ್ತಾವ್ರಿ. ಈಗ ಆ ಸಣ್ಣ ಮುಖ ಚಾಲೂ ಇತ್ತು. ನೀವು ಹಿಡದ ಮುಖದಾಗ ಏನೂ ಕೇಳಂಗಿಲ್ಲ. ಈಗ ಕೇಳ್ರಿ." ಬೆರಳಿನಿಂದ ಬಿಲ್ಲೆಯ ಮೇಲೆ ಮೆಲ್ಲಗೆ ಬಡಿದರು. ನನ್ನ ಎರಡೂ ಕಿವಿಯಲ್ಲಿ ಗುಡುಗು.

ನಾಚಿಕೆಯಿಂದ ಮಾಡಿದ ಖರೀದಿ ಬೇಗ ಮುಗಿಯುತ್ತದೆ. ಹೃದಯದ ಡಾಕ್ಟರುಗಳ ಸುದ್ದಿ ನಾನು ಮತ್ತೆ ಎತ್ತಲಿಲ್ಲ. "ಕಲಿಯೋ ಹುಡುಗಿಗೆ ಇದ ಸಾಕ್ರಿ" ಎಂದು ಕಾಕಾ ತೋರಿಸಿದ ಸಾದಾ ಮರೂನ್ (ಅಥವಾ ಚಾಕಲೇಟ್) ಪೈಪಿನದನ್ನು ಪಲ್ಲವಿ ಒಮ್ಮೆ ಕಿವಿಗೆ ಹಾಕಿ, "ಹೂಂ ಕಾಕಾ, ಇದ ಇರ್ಲಿ" ಎಂದಳು. "ಪೈಪಿಗೆ ಹೆಸರ ಅಂಟಿಸ್ಕೊ ತಂಗಿ. ವಾರ್ಡಿನ್ಯಾಗ ಒಮ್ಮೆ ಯಾರರ ಕೇಳಿ ಇಸ್ಗೊಂಡ್ರ ವಾಪಸ್ ಬರೂದಿಲ್ಲ" ಎಂಬ ಉಪದೇಶದೊಂದಿಗೆ ಡಬ್ಬಿ ಕೈಗೆ ಬಂತು.

ಕಲ್ಲೋಳಿಗೆ ಹೋಗುವ ಬಸ್ಸು ಹತ್ತಿದೆವು. ತಮ್ಮನ ಮನೆ ಅಲ್ಲಿ. ನಮ್ಮ ಅವ್ವ ಇರುವುದೂ ಅಲ್ಲಿಯೇ. ಸೀಟಿನಲ್ಲಿ ಕುಳಿತದ್ದೇ ಪಲ್ಲವಿ ನಗಲು ಶುರು ಮಾಡಿದಳು. "‘ಕ್ಲಿಯರ್ ಐತಿ’ ಅಂದಿಯಲ್ಲ ಅತ್ತಿ, ಏನ್ ಕ್ಲಿಯರ್ ಇತ್ತ ಅಲ್ಲಿ?" ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ನಗು ನಿಂತರೂ ನೀರು ನಿಲ್ಲಲಿಲ್ಲ.

"ನನಗೂ ಕೇಳಲಿಲ್ಲ," ಅಂದಳು.

"ಯಾವುದು?"

"ಯಾವುದೂ ಕೇಳಲಿಲ್ಲ. ಈಗ ತಗೊಂಡದ್ದೂ ಬರೋಬ್ಬರಿ ಕೇಳಲಿಲ್ಲ. ಕಾಲೇಜಿನ್ಯಾಗೂ ಕೇಳಂಗಿಲ್ಲ. ಒಂದ ದಿನಾನೂ ಕೇಳಿಲ್ಲ ಅತ್ತಿ."

ವಿಷಯ ಹೀಗಿತ್ತು. ಬಿ.ಪಿ. ನೋಡುವಾಗ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮೆಲ್ಲಗೆ ಬಿಡುತ್ತ ಮೊಣಕೈ ಮಡಿಕೆಯಲ್ಲಿ ಬಿಲ್ಲೆ ಇಟ್ಟು ಕೇಳಬೇಕು. ಟಪ್ ಟಪ್ ಶಬ್ದ ಶುರುವಾದಾಗ ಮೇಲಿನ ಅಂಕಿ, ನಿಂತಾಗ ಕೆಳಗಿನ ಅಂಕಿ. ಮೊದಲ ದಿನ ಜೊತೆಯವರೆಲ್ಲ "ಕೇಳ್ತು, ಕೇಳ್ತು" ಅಂದರಂತೆ. ಇವಳೂ ಅಂದಳು. ವಹಿಯಲ್ಲಿ ನೂರಾ ಇಪ್ಪತ್ತು, ಎಂಬತ್ತು ಎಂದು ಬರೆದಳು. ಪುಸ್ತಕದಲ್ಲಿ ಆರೋಗ್ಯವಂತರಿಗೆ ಅಷ್ಟೇ ಇರಬೇಕು ಎಂದಿದೆಯಲ್ಲ. ಆವತ್ತಿನಿಂದ ಅವಳು ಮುಟ್ಟಿದವರೆಲ್ಲ ಪುಸ್ತಕದಷ್ಟೇ ಆರೋಗ್ಯವಂತರು.

"ಸೋಮವಾರ ಮೇಡಮ್ ಎರಡ ಜೋಡಿ ಕಿವಿ ಇರೋ ಸ್ಟೆತಸ್ಕೋಪ್ ತರ್ತಾರ. ಒಂದ ಜೋಡಿ ನಮ್ಮ ಕಿವಿಗೆ, ಇನ್ನೊಂದ ಅವರ ಕಿವಿಗೆ. ನಾ ಏನ್ ಕೇಳ್ತೇನಿ ಅದನ್ನ ಅವರೂ ಕೇಳ್ತಾರ. ಸುಳ್ಳ ಹೇಳಿದ್ರ ಅಲ್ಲೇ ಗೊತ್ತಾಗತೈತಿ. ವಾರ್ಡಿಗೆ ಬಿಡಂಗಿಲ್ಲ." ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡು ಸೇರಿಸಿದಳು, "ನನ್ನ ಕಿವೀನ ಸರಿ ಇಲ್ಲ ಅನಸ್ತೈತಿ. ನರ್ಸ್ ಆಗಾಕ ಆಗಂಗಿಲ್ಲ ನನಗ."

"ಕೇಳಸವಲ್ದು ಅಂತ ಮೊದಲ ದಿನಾನ ಹೇಳಬೇಕಿತ್ತಲ್ಲ?"

ಅವಳು ನನ್ನ ಮುಖ ನೋಡಿದಳು. ನಾನು ಕಿಟಕಿಯಾಚೆ ನೋಡಿದೆ. ಅರ್ಧ ತಾಸಿನ ಹಿಂದೆ ಅಂಗಡಿಯಲ್ಲಿ ನಿಂತು ‘ಕ್ಲಿಯರ್ ಐತಿ’ ಎಂದವಳಿಗೆ ಈ ಪ್ರಶ್ನೆ ಕೇಳುವ ಹಕ್ಕು ಎಲ್ಲಿಂದ ಬಂತು?

ನೀವೇ ಹೇಳಿ, ದಿನಕ್ಕೆ ಎಷ್ಟು ಸಲ ನಾವು ಕೇಳಿಸದ್ದಕ್ಕೆ ಹೂಂ ಎನ್ನುತ್ತೇವೆ? ಫೋನಿನಲ್ಲಿ ದನಿ ಒಡೆಯುತ್ತಿದ್ದರೂ ಹೂಂ. ಮೀಟಿಂಗಿನಲ್ಲಿ ಹಿಂದಿನ ಸಾಲಿನಿಂದ ಹೂಂ. ನಾನಂತೂ ಹತ್ತೊಂಬತ್ತು ವರ್ಷದಿಂದ (ಇಪ್ಪತ್ತೂ ಇರಬಹುದು) ಪ್ರತಿ ಪಾಠದ ಕೊನೆಗೆ "ತಿಳೀತಾ?" ಎಂದು ಕೇಳುತ್ತ ಬಂದಿದ್ದೇನೆ. ಇಡೀ ಕ್ಲಾಸು "ಹೂಂರಿ ಮೇಡಮ್" ಎನ್ನುತ್ತದೆ. ನಾನು ಖುಷಿಯಿಂದ ಚಾಕ್‌ಪೀಸಿನ ಧೂಳು ಝಾಡಿಸಿಕೊಂಡು ಹೊರಬರುತ್ತೇನೆ. ಅವರ ವಹಿಯಲ್ಲಿ ನೂರಾ ಇಪ್ಪತ್ತು, ಎಂಬತ್ತು ಎಷ್ಟಿವೆಯೋ.

ಮನೆ ತಲುಪಿದಾಗ ಇಳಿಹೊತ್ತು. ಅವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದಳು. ತಮ್ಮ ಬಸವರಾಜ ಮೂಡಲಗಿಯ ಅಂಗಡಿ ಮುಚ್ಚಿ ಆಗಲೇ ಬಂದಿದ್ದ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ಅವನ ಕೆಲಸ.

ಪಲ್ಲವಿ ಡಬ್ಬಿ ಬಿಚ್ಚಿ ಕಿವಿಗೆ ಹಾಕಿಕೊಂಡಳು. ಅವ್ವ ಡಬ್ಬಿಯೊಳಗಿನ ಕಾಗದ ಎತ್ತಿಕೊಂಡಳು. ಅವ್ವನಿಗೆ ಓದು ಬರುವುದಿಲ್ಲ. ಅದಕ್ಕೇ ಚಿತ್ರವನ್ನು ನಮಗಿಂತ ಚೆನ್ನಾಗಿ ನೋಡುತ್ತಾಳೆ.

"ಏ ಪಲ್ಲೂ, ಇದರಾಗಿನ ಮನಶಾಗ ಕಿವ್ಯಾಗಿನ ಕಡ್ಡಿ ಮೂಗಿನ ಕಡೆ ಬಾಗ್ಯಾವ. ನಿನಗ ಯಾಕ ಬೆನ್ನಿನ ಕಡೆ ಹೊಳ್ಳ್ಯಾವ?"

ನಾವಿಬ್ಬರೂ ಕಾಗದ ನೋಡಿದೆವು. ಖರೆ. ಇಷ್ಟು ದಿನ ಹುಡುಗಿ ಕಾಲೇಜಿನಲ್ಲೂ ಸ್ಟೆತಸ್ಕೋಪನ್ನು ಹಿಂದುಮುಂದಾಗಿ ಹಾಕಿಕೊಳ್ಳುತ್ತಿದ್ದಳು. ಕಡ್ಡಿಯ ತುದಿ ಕಿವಿಯ ಗೋಡೆಗೆ ಒತ್ತಿ ಮುಚ್ಚಿಹೋಗುತ್ತಿತ್ತು. ‘ಕೇಳಸವಲ್ದು’ ಎಂದು ಒಮ್ಮೆ ಅಂದಿದ್ದರೆ ಯಾರಾದರೂ ಅರ್ಧ ನಿಮಿಷದಲ್ಲಿ ತಿರುಗಿಸಿ ಹಾಕುತ್ತಿದ್ದರು.

ತಿರುಗಿಸಿ ಹಾಕಿಕೊಂಡು ಬಿಲ್ಲೆಯನ್ನು ಅವ್ವನ ಸೆರಗಿನ ಕೆಳಗೆ ಎದೆಗಿಟ್ಟಳು. ಮುಖ ಅರಳಿತು. "ಕೇಳಾಕತ್ತೈತಿ," ಎಂದು ಪಿಸುಗುಟ್ಟಿದಳು. "ಲಬ್ ಡಬ್, ಲಬ್ ಡಬ್, ಪುಸ್ತಕದಾಗ ಬರದಂಗ."

ಆಮೇಲೆ ಅರಳಿದ ಮುಖ ನಿಧಾನಕ್ಕೆ ಬಾಡಿತು.

"ಏನಾತು?"

"ನಡುವ ನಡುವ ಇನ್ನೊಂದ ಸಪ್ಪಳ ಐತಿ. ಟಿಕ್ ಅಂತ." ಮತ್ತೆ ಕೇಳಿದಳು. ಜಾಗ ಬದಲಿಸಿ ಕೇಳಿದಳು. "ಐತಿ ಅತ್ತಿ. ಆಯೀ, ನಿನಗ ದಮ್ಮ ಹತ್ತತೈತೇನ?"

"ಮೂರ ಸಲ ಮಾಳಗಿ ಹತ್ತಿ ಇಳದೇನಿ ಬೆಳಗಿಂದ. ಏನೂ ಹತ್ತಿಲ್ಲ."

ಸ್ಟೆತಸ್ಕೋಪು ಕೆಟ್ಟದ್ದಿರಲಿ ಎಂದು ಬೇಡಿಕೊಂಡೆ. ಪಲ್ಲವಿ ಬೇಡಿಕೊಂಡದ್ದೂ ಅದನ್ನೇ. ಬಸವರಾಜ ಮಾತ್ರ ಆರಾಮ ಎದ್ದುಬಂದ. ಮೋಟಾರಿನ ಬೇರಿಂಗ್ ಹೋಗಿದೆಯೋ ಇಲ್ಲವೋ ನೋಡಲು ಸ್ಕ್ರೂಡ್ರೈವರಿನ ತುದಿ ಮೋಟಾರಿಗೂ ಹಿಡಿಕೆ ಕಿವಿಗೂ ಹಚ್ಚಿ ಕೇಳುವುದು ಅವನ ರೂಢಿ. ನಮ್ಮ ಮನೆಯಲ್ಲಿ ನಿಜವಾಗಿ ಕೇಳಲು ಬರುವವನು ಅವನೊಬ್ಬನೇ.

"ಗಾಬರಿ ಆಗಬ್ಯಾಡ. ಮೋಟಾರ್ ಸಪ್ಪಳ ಮಾಡಿದ್ರ ನಾವು ಮೊದಲ ಬಿಚ್ಚಂಗಿಲ್ಲ. ಹೊರಗ ಯಾವುದರ ನಟ್ ಸಡಲ ಆಗೇತೇನ ನೋಡತೇವಿ. ಅವ್ವನ ಹೊರಗ ನೋಡಿಯೇನ ಮೊದಲ?"

ಪಲ್ಲವಿ ಬಿಲ್ಲೆ ಇಟ್ಟಲ್ಲೇ ಇಟ್ಟುಕೊಂಡು ಸೆರಗು ಸರಿಸಿದಳು. ಬಿಲ್ಲೆಯ ಪಕ್ಕದಲ್ಲೇ, ಅವ್ವನ ಕೊರಳ ಶಿವದಾರದಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ತೂಗುತ್ತಿತ್ತು. ಅವ್ವ ಉಸಿರೆಳೆದುಕೊಂಡಾಗೊಮ್ಮೆ ಅದು ಬಿಲ್ಲೆಗೆ ತಾಗುತ್ತಿತ್ತು. ಟಿಕ್.

ಅವ್ವ ಕರಡಿಗೆಯನ್ನು ಮೆಲ್ಲಗೆ ಕಣ್ಣಿಗೊತ್ತಿಕೊಂಡು ಬಾಜೂಕ ಸರಿಸಿ ಹಿಡಿದುಕೊಂಡಳು. "ಡಾಕ್ಟರ್ ಮುಂದ ಕುಂತಾಗ ನಾನ ಹಿಂಗ ಹಿಡಕೊತೇನಿ. ನೀ ಮೊಮ್ಮಗಳು, ಆಟಾ ಆಡಾಕತ್ತಿ ಅಂತ ಸುಮ್ಮನಿದ್ದೆ."

"ಹೇಳಬಾರದೇನ ಆಯೀ? ನನ್ನ ಜೀವಾನ ಹೋಗಿತ್ತು."

"ನೀ ಏನ್ ಕೇಳಾಕತ್ತಿ ಅಂತ ನನಗೇನ್ ಗೊತ್ತು? ಕಿವಿ ನಿನ್ನ ಹಂತೇಕ ಅದಾವ."

ಬಸವರಾಜ ಎಲ್ಲರಿಗಿಂತ ಹೆಚ್ಚು ನಕ್ಕ. "ಅವ್ವನ ಬೇರಿಂಗ್ ಗಟ್ಟಿ ಐತಿ ತಗೋ," ಅಂದ. ನಾನು ಮಾತ್ರ ಪಲ್ಲವಿಯನ್ನು ನೋಡುತ್ತಿದ್ದೆ. ಮೊಟ್ಟಮೊದಲ ಸಲ ಅವಳು ಪುಸ್ತಕದಲ್ಲಿ ಇಲ್ಲದ್ದನ್ನು ಕೇಳಿಸಿಕೊಂಡಿದ್ದಳು, ಮತ್ತು ಕೇಳಿಸಿದ್ದನ್ನೇ ಹೇಳಿದ್ದಳು. ಇಂಥವಳ ಕಿವಿ ಸರಿ ಇಲ್ಲವಂತೆ.

ಸೀನಿಯರ್ ಒಬ್ಬಳಿಂದ ಬಿ.ಪಿ. ಪಟ್ಟಿ ತಂದಿದ್ದಳು. ಭಾನುವಾರವಿಡೀ ಓಣಿಯವರ ತೋಳಿಗೆ ಸುತ್ತಿದ್ದೇ ಸುತ್ತಿದ್ದು. ಯಾರೂ ನೂರಾ ಇಪ್ಪತ್ತು, ಎಂಬತ್ತು ಇರಲಿಲ್ಲ. ನಾನಂತೂ ಅದರ ಹತ್ತಿರವೂ ಇರಲಿಲ್ಲ. (ನನ್ನ ಅಂಕಿ ಇಲ್ಲಿ ಬರೆಯುವುದಿಲ್ಲ. ಉಪ್ಪಿನಕಾಯಿ ಬಿಟ್ಟಿದ್ದೇನೆ ಎಂದಷ್ಟೇ ತಿಳಿಯಿರಿ.)

ಸೋಮವಾರ ಮಧ್ಯಾಹ್ನ ಫೋನು ಬಂತು. ಎರಡು ಜೋಡಿ ಕಿವಿಯ ಸ್ಟೆತಸ್ಕೋಪು ಹಾಕಿಕೊಳ್ಳುವ ಮೊದಲೇ ಇವಳು ಮೇಡಮ್ಮಿಗೆ ಹೇಳಿಬಿಟ್ಟಳಂತೆ: "ಮೇಡಮ್, ಹಿಂದ ಬರದದ್ದೆಲ್ಲಾ ಕೇಳದ ಬರದೇನಿ. ಈಗ ಕೇಳಸ್ತೈತಿ." ಮೇಡಮ್ ಸುಮ್ಮನೆ ಬಿಲ್ಲೆ ಇಡಿಸಿದರು. ಜೊತೆಯವಳೊಬ್ಬಳ ತೋಳು. ಇವಳು ನೂರಾ ಎಂಟು, ಎಪ್ಪತ್ತು ಅಂದಳು. "ನನಗೂ ಅಷ್ಟ ಕೇಳ್ತು," ಅಂದರು ಮೇಡಮ್. ಆಮೇಲೆ ಕ್ಲಾಸಿನ ಕಡೆ ತಿರುಗಿ, "ಈಕಿಯಂಗ ಕೇಳದ ಬರದವರು ಇನ್ನ ಯಾರದೀರಿ? ಕೈ ಎತ್ರಿ."

ಮೊದಲು ಒಂದು ಕೈ. ಆಮೇಲೆ ಅರ್ಧ ಕ್ಲಾಸು.

ಶಿಕ್ಷೆ ಎಲ್ಲರಿಗೂ ಒಂದೇ: ಹಳೆಯದನ್ನೆಲ್ಲ ಹೊಡೆದುಹಾಕಿ ಹೊಸದಾಗಿ ಕೇಳಿ ಬರೆಯುವುದು. ಪಲ್ಲವಿ ಈಗ ವಾರ್ಡಿಗೆ ಹೋಗುತ್ತಿದ್ದಾಳೆ. ನಾನು ಕೂಡ ಮಂಗಳವಾರ ಕ್ಲಾಸಿನಲ್ಲಿ "ತಿಳೀತಾ?" ಎನ್ನುವ ಬದಲು "ಎಲ್ಲಿ ತಿಳೀಲಿಲ್ಲ?" ಎಂದು ಕೇಳಿದೆ. ಪೀರಿಯಡ್ ಮುಗಿದ ಗಂಟೆ ಹೊಡೆದರೂ ಹೊರಬರಲಾಗಲಿಲ್ಲ.

ಈ ಭಾನುವಾರ ಮತ್ತೆ ಕಲ್ಲೋಳಿಗೆ ಹೋಗಿದ್ದೆ. "ನನಗೂ ಕೊಡ ಅದನ್ನ," ಎಂದು ಅವ್ವ ಸ್ಟೆತಸ್ಕೋಪು ಇಸಿದುಕೊಂಡಳು. ಪಲ್ಲವಿ ಕಡ್ಡಿ ಮೂಗಿನ ಕಡೆ ಬಾಗುವಂತೆ ಕಿವಿಗೆ ಹಾಕಿದಳು. ಅವ್ವ ಒಂದು ಕೈಯಲ್ಲಿ ಕರಡಿಗೆ ಸರಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಬಿಲ್ಲೆಯನ್ನು ತನ್ನ ಎದೆಗೇ ಇಟ್ಟುಕೊಂಡು ಕುಳಿತಳು. ಬಹಳ ಹೊತ್ತು.

"ಇಷ್ಟ ವರ್ಷ ಹಿಂಗ ಹೊಡಕೊಳ್ಳಾಕತ್ತೈತಿ," ಅಂದಳು. "ನಾ ಒಂದ ದಿನಾನೂ ಕೇಳಿಲ್ಲ ನೋಡ."

ಇದೇ ಅಂಕಣದಲ್ಲಿ ಹಿಂದೊಮ್ಮೆ ಬರೆದಿದ್ದೆ. ಸಾಲಿ ಬಿಟ್ಟು ಬಂದು ಒಲೆಯ ಮುಂದೆ ಕುಳಿತು ನಾನು ದಿನದ ಕಥೆಯೆಲ್ಲ ಒದರುತ್ತಿದ್ದೆ, ಅವ್ವ ರೊಟ್ಟಿ ಬಡಿಯುತ್ತ ಪ್ರತಿ ಮಾತಿಗೂ ಹೂಂ ಅನ್ನುತ್ತಿದ್ದಳು, ನನ್ನ ಮೊದಲ ಶ್ರೋತೃ ಅವಳೇ ಎಂದು. ನಿಮ್ಮಲ್ಲಿ ಹಲವರು ಮೆಚ್ಚಿ ಪತ್ರವನ್ನೂ ಬರೆದಿರಿ. ಈಗ ಆ ನೆನಪಿಗೆ ಬಿಲ್ಲೆ ಇಟ್ಟು ನೋಡಿದರೆ ರೊಟ್ಟಿ ಬಡಿಯುವ ಸಪ್ಪಳವೇ ಜೋರಾಗಿದೆ. ಅವ್ವನನ್ನೇ ಕೇಳಿಬಿಟ್ಟೆ. ಅವಳು ಕಿವಿಯಿಂದ ಸ್ಟೆತಸ್ಕೋಪು ತೆಗೆಯಲಿಲ್ಲ. ತಡಿ ಎನ್ನುವಂತೆ ಬೆರಳೆತ್ತಿದಳು, ಅಷ್ಟೇ. ಸಂಜೆ ಬಸ್ಸಿಗೆ ಹೊತ್ತಾಯಿತು ಎಂದು ನಾನು ಎದ್ದುಬಂದೆ. ನಾನು ಕೇಳಿದ ಪ್ರಶ್ನೆ ಇಷ್ಟೇ ಇತ್ತು:

"ಅವ್ವಾ, ಆವಾಗ ನೀ ಹೂಂ ಹೂಂ ಅಂತಿದ್ದೆಲ್ಲ, ನಿನಗ ಖರೇನ ಕೇಳಸ್ತಿತ್ತೇನ?"