ಹಸಿರು ಬಟನ್ನಿನ ಕೂಗು

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಒತ್ತಕ್ಷರಗಳು ಕೆಳಗಿನ ಸಾಲಿಗೆ ಇಳಿದುಬಿಡುತ್ತವೆ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳಾದ್ದರಿಂದ ದೊಡ್ಡ ಮಾತುಗಳೂ ಬರುವುದಿಲ್ಲ. ಊರಿನ ಗ್ರಂಥಾಲಯದ ಶಶಿರೇಖಾ ಮೇಡಂ, "ನಿಮ್ಮ ಓಣಿಯ ಒಬ್ಬರ ಬದುಕು ಬರ್ದುಕೊಡು ರೋಜಾ, ಎಲ್ಲಾರ್ದೂ ಸೇರಿಸಿ ಒಂದು ಪುಸ್ತಕ ಮಾಡೋಣ" ಎಂದರು. ನಾನು ನಮ್ಮ ಎದುರು ಮನೆಯ ದ್ಯಾಮಮ್ಮನವರ ಬಗ್ಗೆ ಬರೆದಿದ್ದೇನೆ. ಅವರು ಹೇಳಿದ್ದನ್ನು ಮತ್ತೆ ಕೇಳಿ ಖಾತ್ರಿ ಮಾಡಿಕೊಂಡೇ ಬರೆದದ್ದು. ದೊಡ್ಡವರನ್ನು "ಅವಳು" ಎಂದು ಬರೆದು ಎರಡು ಸಲ ಅಳಿಸಿದೆ. ಕಥೆಯಲ್ಲಿ ಹಾಗೆ ಬರೆಯಬಹುದು, ಅದು ಅಗೌರವವಲ್ಲ ಎಂದು ಮೇಡಂ ಹೇಳಿದ ಮೇಲೆ ಬರೆದೆ.

ದ್ಯಾಮಮ್ಮ ಹುಟ್ಟಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಡೆ, ಕಾಡಂಚಿನಲ್ಲಿ. ಮದುವೆಯಾಗಿ ಬಂದದ್ದು ಶಿಕಾರಿಪುರ ತಾಲ್ಲೂಕಿಗೆ, ತಾಳಗುಂದದ ಪಕ್ಕದ ನಮ್ಮೂರಿಗೆ. ಗಂಡ ದೊಡ್ಡಬೀರಪ್ಪನದು ಕುರಿಯ ಬದುಕು. ಹೊಸದರಲ್ಲಿ ಅವಳೂ ಮಂದೆಯ ಹಿಂದೆ ನಡೆದವಳೇ. ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಾ, ಒಂದು ಗದ್ದೆಯಾದ ಮೇಲೆ ಇನ್ನೊಂದಕ್ಕೆ ಸಾಗುತ್ತಾ, ಸಂಜೆಯಾದರೆ ಸುತ್ತ ಬಲೆ ಕಟ್ಟಿ ರೊಪ್ಪ ಮಾಡುತ್ತಾ ಅವಳ ಹರೆಯ ಕಳೆಯಿತು. ಮಗಳು ಸಂಗೀತಳಿಗೆ ಶಾಲೆಗೆ ಹೋಗುವ ವಯಸ್ಸಾದಾಗ ಒಬ್ಬರಾದರೂ ಊರಲ್ಲಿ ನಿಲ್ಲಬೇಕಾಯಿತು. ದ್ಯಾಮಮ್ಮ ನಿಂತಳು. ಮಗಳು ಓದಿ, ಮದುವೆಯಾಗಿ ಸೊರಬಕ್ಕೆ ಹೋದಳು. ದ್ಯಾಮಮ್ಮ ಮಾತ್ರ ನಿಂತಲ್ಲೇ ನಿಂತಳು. ಇದ್ದ ತುಂಡು ಹೊಲಕ್ಕೆ ಮೆಕ್ಕೆಜೋಳ ಹಾಕುವುದು, ಕೋಳಿ ಸಾಕುವುದು, ಗಂಡನ ಫೋನು ಕಾಯುವುದು.

ಆ ಫೋನಾದರೂ ಎಂಥದ್ದು! ದೊಡ್ಡಬೀರಪ್ಪ ಮಾತಿನಲ್ಲಿ ಬಲು ಜಿಪುಣ. "ಹ್ಞೂಂ. ಉಂಡೆ. ಕುರಿ ಚೆಂದ ಅದಾವೆ. ಇಡ್ತೀನಿ." ಅಷ್ಟೇ. ಅವಳು ಹೊಲದ ಸುದ್ದಿ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಆ ಕಡೆ ಸದ್ದಿರುತ್ತಿರಲಿಲ್ಲ. ಇಡೀ ದಿನ ಒಂದೂ ಮಾತಾಡದೆ ಮಲಗಿದ ರಾತ್ರಿಗಳು ಎಷ್ಟೋ ಇವೆ ಎಂದು ಅವಳೇ ಹೇಳುತ್ತಾಳೆ. ಬೆಳಿಗ್ಗೆ ಕೋಳಿಗಳನ್ನು ಕರೆಯುವಾಗ ದನಿ ಹೊರಡದೆ, ಒಮ್ಮೆ ಕೆಮ್ಮಿಕೊಂಡು ಆಮೇಲೆ ಕರೆಯಬೇಕಾಗುತ್ತಿತ್ತಂತೆ.

ಹೋದ ಸುಗ್ಗಿಗೆ ಮಂದೆ ಹೊರಡಲು ಇನ್ನೂ ಎರಡು ತಿಂಗಳಿದ್ದಾಗ ರಸ್ತೆಯಲ್ಲಿ ಒಂದು ಬೈಕು ಬಂದು ಕೆಂಚನ ಮೇಲೆ ಹಾಯಿತು. ಕೆಂಚ ಮಂದೆಯ ನಾಯಿ. ಮೈಯೆಲ್ಲ ಕೆಂಪು, ಒಂದು ಕಿವಿ ಹರಿದದ್ದು. ಹಿಂದಿನ ಕಾಲಿನ ಮೂಳೆ ಕೂಡಿಕೊಂಡರೂ ಕಾಲು ಸೊಟ್ಟಗೇ ಉಳಿಯಿತು.

"ಇವ್ನು ಇನ್ನು ನಡಿಯಂಗಿಲ್ಲ," ಎಂದ ದೊಡ್ಡಬೀರಪ್ಪ, ಮಂದೆ ಹೊರಡುವ ದಿನ. "ಇಲ್ಲೇ ಇರ್ಲಿ. ನಿನಗೂ ಜೊತೆ ಆಕ್ಕಾನೆ."

ಗಂಡ ತನ್ನ ಒಂಟಿತನದ ಬಗ್ಗೆ ಯೋಚನೆ ಮಾಡಿದ್ದಾನೆಂದು ದ್ಯಾಮಮ್ಮನಿಗೆ ಗೊತ್ತಾದದ್ದು ಅದೇ ಮೊದಲು. ಕೆಂಚನಿಗೆ ಅಂಗಳದ ಹಲಸಿನ ಮರದ ಕೆಳಗೆ ಹಳೆಯ ಕಂಬಳಿ ಹಾಸಿದಳು. ಹೇಗಾದರೂ ಸರಿ, ಈ ನಾಯಿ ಈ ಮನೆಯನ್ನು ತನ್ನದೆಂದುಕೊಂಡು ತನ್ನ ಹತ್ತಿರ ಇದ್ದುಬಿಡಲಿ. ಅವಳ ಆಸೆ ಅಷ್ಟೇ.

ಆದರೆ ಕೆಂಚ ತಿನ್ನಲಿಲ್ಲ. ರೊಟ್ಟಿಗೆ ಹಾಲು ಸುರಿದಳು, ಮೊಟ್ಟೆ ಒಡೆದು ಹಾಕಿದಳು. ಅವನು ಮೂಸಿ, ಮುಖ ತಿರುಗಿಸಿ, ರಸ್ತೆಯ ಕಡೆ ನೋಡುತ್ತಾ ಮಲಗುತ್ತಿದ್ದ. ಪಕ್ಕೆಲುಬು ಎಣಿಸುವ ಹಾಗಾಯಿತು.

ಆಗ ಬಂದವನು ಮೈದುನ ರಾಜು. ಅವನು ಶಿಕಾರಿಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಬಾಯಿ ಸುಮ್ಮನಿರದ ಮನುಷ್ಯ. ಅಣ್ಣನ ಪಾಲಿನ ಮಾತನ್ನೂ ಇವನೇ ಆಡುತ್ತಾನೆ ಎಂದು ಓಣಿಯವರು ತಮಾಷೆ ಮಾಡುತ್ತಾರೆ. ಅವನ ಕೈಯಲ್ಲಿ ಒಂದು ಡಬ್ಬಿ, ಡಬ್ಬಿಯಲ್ಲಿ ಅಂಗೈಯಗಲದ ನಾಲ್ಕು ದುಂಡನೆಯ ಬಟನ್ನುಗಳು. ಕೆಂಪು, ನೀಲಿ, ಹಳದಿ, ಹಸಿರು.

"ಅತ್ಗೆ, ಫಾರಿನ್ ನಾಯಿಗಳು ಇದನ್ನ ಒತ್ತಿ ಒತ್ತಿ ಮಾತಾಡ್ತಾವೆ. ಫೋನಲ್ಲಿ ನೋಡೀನಿ. ನೀರು ಬೇಕಂದ್ರೆ ನೀರಿಂದು ಒತ್ತತಾವೆ, ಹೊರಗ್ ಹೋಗ್ಬೇಕಂದ್ರೆ ಅದನ್ನ ಒತ್ತತಾವೆ. ನಮ್ ಕೆಂಚ ಏನ್ ಕಮ್ಮಿ?"

"ಅವು ಓದಿದ ನಾಯಿ ಇರ್ಬೇಕು ಕಣೋ. ಇವ್ನು ಕುರಿ ಕಾಯ್ದವ್ನು."

"ಓದು ಬಾರದೋರು ಮಾತಾಡಂಗಿಲ್ಲೇನು? ಒಂದೊಂದ್ರಾಗೆ ಒಂದೊಂದು ಮಾತು ತುಂಬು. ನಿನ್ನ ದನಿಯಾಗೇ ತುಂಬು, ಅವ್ನಿಗೆ ಗುರ್ತಾಗ್ತೈತಿ."

ದನಿ ತುಂಬಲೆಂದು ರಾಜು ಬಟನ್ನಿನ ಬದಿಯ ಚಿಕ್ಕ ಗುಂಡಿ ಒತ್ತಿ ಹಿಡಿದ. ದ್ಯಾಮಮ್ಮ ಸೆರಗನ್ನು ಬಾಯಿಗೆ ಹಿಡಿದು ನಾಚಿದಳು. ಬಹಳ ಹೇಳಿದ ಮೇಲೆ "ನೀರು" ಎಂದಳು. ಬಟನ್ ಒತ್ತಿದಾಗ ಅದು "ನೀರು" ಎಂದಿತು. ತನ್ನ ದನಿಯನ್ನು ಹೊರಗಿನಿಂದ ಅವಳು ಕೇಳಿದ್ದು ಅದೇ ಮೊದಲು. "ಇದು ನಾನೇನೋ? ನಮ್ಮವ್ವ ಮಾತಾಡಿದಂಗೈತಲ್ಲೋ," ಎಂದು ಮತ್ತೆ ಮತ್ತೆ ಒತ್ತಿ ನೋಡಿದಳು. ನೀಲಿಗೆ ನೀರು, ಕೆಂಪಿಗೆ ರೊಟ್ಟಿ, ಹಳದಿಗೆ ಬಾ. ನಾಲ್ಕನೆಯದಕ್ಕೆ ಏನು ತುಂಬುವುದೆಂದು ಇಬ್ಬರಿಗೂ ಹೊಳೆಯಲಿಲ್ಲ, ಹಸಿರು ಖಾಲಿ ಉಳಿಯಿತು. ರಾಜು ನಾಲ್ಕನ್ನೂ ಒಂದು ಹಲಗೆಗೆ ಟೇಪಿನಿಂದ ಅಂಟಿಸಿ, ಕೆಂಚನ ಕಂಬಳಿಯ ಪಕ್ಕ ಇಟ್ಟು ಹೋದ.

ದ್ಯಾಮಮ್ಮ ಪಾಠ ಶುರು ಮಾಡಿದಳು. ನೀರು ಸುರಿಯುವ ಮುಂಚೆ ನೀಲಿ ಒತ್ತುವುದು. ರೊಟ್ಟಿ ಹಾಕುವ ಮುಂಚೆ ಕೆಂಪು ಒತ್ತುವುದು. ಹತ್ತಿರ ಕರೆಯುವಾಗ ಹಳದಿ. ಪಕ್ಕದ ಮನೆಯ ಸುಂಕಲಮ್ಮ ಬೇಲಿಯ ಮೇಲಿಂದ ನೋಡಿ ನಗುತ್ತಿದ್ದಳು.

"ನಾಯಿಗೆ ಮಾತು ಕಲಿಸ್ತೀಯಂತಲ್ಲೇ ದ್ಯಾಮವ್ವಾ! ಮೊದ್ಲು ನಿನ್ ಗಂಡಗೆ ಕಲಿಸು. ಆ ಹಲಗಿ ಅವ್ನ ಮುಂದಿಡು."

"ಅವ್ರು ಹಳದಿ ಬಟನ್ ಒಂದನ್ನ ಒತ್ತಿದ್ರೆ ಸಾಕಿತ್ತು ಬಿಡು," ಎಂದು ದ್ಯಾಮಮ್ಮನೂ ನಕ್ಕಳು. ನಕ್ಕು ಒಳಗೆ ಹೋದಳು.

ಕೆಂಚ ನೀಲಿಯನ್ನು ಬೇಗ ಕಲಿತ. ಕಾಲಿನಿಂದ ಕುಕ್ಕಿ "ನೀರು" ಎನಿಸಿ ಅವಳ ಮುಖ ನೋಡುವನು. ಅವಳು ಓಡಿಬಂದು ಸುರಿಯುವಳು. ಆದರೆ ಕೆಂಪನ್ನು ಮುಟ್ಟಲಿಲ್ಲ. ರೊಟ್ಟಿಯನ್ನೂ ಮುಟ್ಟಲಿಲ್ಲ.

ಒಂದು ಸಂಜೆ ಬಾಗಿಲಲ್ಲಿ ಕುಳಿತಿದ್ದಾಗ ಅವಳಿಗೆ ತಾನು ಮಂದೆಯ ಜೊತೆ ತಿರುಗಿದ ಕಾಲ ನೆನಪಾಯಿತು. ಮಂದೆಯಲ್ಲಿ ನಾಯಿಗೆ ಹಗಲು ಊಟವಿಲ್ಲ. ಸಂಜೆ ಕುರಿಗಳನ್ನು ಕೂಗಿ ರೊಪ್ಪಕ್ಕೆ ತುಂಬಬೇಕು, ಬಲೆ ಎಳೆದು ಕಟ್ಟಬೇಕು, ಆಮೇಲೇ ನಾಯಿಯ ಮುಂದೆ ರೊಟ್ಟಿ ಬೀಳುವುದು. ಮರಿಯಾಗಿದ್ದಾಗಿನಿಂದ ಅದೇ ಅಭ್ಯಾಸ. ಕುರಿ ಹೊರಗಿರುವಾಗ ಬಾಯಿ ಹಾಕಿದ ನಾಯಿಗೆ ಕೋಲಿನ ಪೆಟ್ಟು ಬೀಳುತ್ತದೆ. ಅಯ್ಯೋ, ಪಾಪ, ಇವನು ಕಾಯುತ್ತಿರುವುದು ಆ ಕೂಗಿಗೆ!

ದ್ಯಾಮಮ್ಮ ಹಸಿರು ಬಟನ್ನಿನ ಬದಿಯ ಗುಂಡಿ ಒತ್ತಿ ಹಿಡಿದು, ಸುಂಕಲಮ್ಮ ಕೇಳಿಸಿಕೊಂಡರೂ ಚಿಂತೆಯಿಲ್ಲವೆಂದು ಗಂಟಲು ತೆರೆದು ಕೂಗಿದಳು: "ಹೋಯ್... ಹುರ್ರೋ... ಬಾ ಬಾ ಬಾ..."

ಕೆಂಚನ ಹರಿದ ಕಿವಿ ನೆಟ್ಟಗಾಯಿತು. ಕುಂಟುತ್ತಾ ಎದ್ದು ನಿಂತ. ಅವಳು ಬಟನ್ ಒತ್ತಿ ಇನ್ನೊಮ್ಮೆ ಕೇಳಿಸಿದಳು, ಅಂಗಳದ ಗೇಟನ್ನು ಸದ್ದಾಗುವಂತೆ ಮುಚ್ಚಿದಳು, ರೊಟ್ಟಿ ಹಾಕಿದಳು. ಕೆಂಚ ತಿಂದ. ಒಂದು ಚೂರೂ ಬಿಡದೆ ತಿಂದ. ಆ ಸಂಜೆ ಅವಳು ಗಂಡನಿಗೆ ತಾನೇ ಫೋನು ಮಾಡಿದಳು. "ಉಂಡಾನ್ರೀ! ಕೆಂಚ ಉಂಡಾನೆ!" ಆ ಕಡೆಯಿಂದ "ಹ್ಞೂಂ" ಬಂತು. ಅದರಲ್ಲೂ ಸಂತೋಷವಿತ್ತು ಎಂದು ಅವಳ ನಂಬಿಕೆ.

ಕೆಲವು ದಿನ ಹೀಗೇ ನಡೆಯಿತು. ಕೆಂಚನ ಮೈ ತುಂಬಿಕೊಂಡಿತು. ಆಮೇಲೆ ಅವನು ತಾನಾಗಿಯೇ ಹಸಿರನ್ನು ಒತ್ತಲು ಕಲಿತ. ಹಸಿವಾಯಿತೇನೋ ಎಂದು ದ್ಯಾಮಮ್ಮ ಮಧ್ಯಾಹ್ನವೂ ರೊಟ್ಟಿ ತಂದು ಹಾಕಿದಳು. ಅವನು ರೊಟ್ಟಿಯನ್ನು ನೋಡಲಿಲ್ಲ. ಮತ್ತೆ ಒತ್ತಿದ. "ಹೋಯ್... ಹುರ್ರೋ... ಬಾ ಬಾ ಬಾ..." ಒತ್ತಿ, ಗೇಟಿನ ಹತ್ತಿರ ಹೋಗಿ, ರಸ್ತೆಯ ಉದ್ದಕ್ಕೂ ನೋಡಿದ. ಯಾವ ಕುರಿಯೂ ಬರಲಿಲ್ಲ. ಹಿಂದಿರುಗಿ ಬಂದು ಮತ್ತೆ ಒತ್ತಿದ.

ದಿನವಿಡೀ ಅದೇ. ಅಂಗಳದಲ್ಲಿ ಒಂದು ಕುರಿಯೂ ಇಲ್ಲ, ದ್ಯಾಮಮ್ಮನ ದನಿ ಮಾತ್ರ ಕುರಿಗಳನ್ನು ಕೂಗಿ ಕೂಗಿ ಕರೆಯುತ್ತಿತ್ತು. ಅವಳು ಒಳಗೆ ಅಕ್ಕಿ ಆರಿಸುತ್ತಾ ತನ್ನ ಕೂಗನ್ನು ತಾನೇ ಕೇಳುವಳು. ಸುಂಕಲಮ್ಮ ಕೂಡ ನಗುವುದನ್ನು ಬಿಟ್ಟಳು. "ಆ ನಾಯಿ ಏನ್ ಕೇಳ್ತೈತಿ ಅಂತ ನಿನಗೆ ಗೊತ್ತಾಗವಲ್ದೇನೆ?" ಎಂದು ಒಂದು ದಿನ ಕೇಳಿದಳು.

"ಹಸಿವು," ಎಂದಳು ದ್ಯಾಮಮ್ಮ.

ಹಸಿವಲ್ಲವೆಂದು ಅವಳಿಗೆ ಗೊತ್ತಿತ್ತು. ಅವನು ಮಂದೆಯನ್ನು ಕೇಳುತ್ತಿದ್ದ. ಮಂದೆಗೆ ಕಳಿಸಿದರೆ ಈ ಅಂಗಳದಲ್ಲಿ ಉಳಿಯುವುದು ತಾನು ಮತ್ತು ಕೋಳಿ. ಅವಳು ಹಸಿರು ಬಟನ್ನನ್ನು ಹಲಗೆಯಿಂದ ಕಿತ್ತು, ಹಿಂದಿನ ಮುಚ್ಚಳ ಬಿಚ್ಚಿ ಸೆಲ್ಲುಗಳನ್ನು ತೆಗೆದಳು. ಅವನ್ನು ಸಾಸಿವೆ ಡಬ್ಬಿಯಲ್ಲಿ ಹಾಕಿಟ್ಟು, ಬಟನ್ನನ್ನು ಮೊದಲಿನ ಜಾಗಕ್ಕೇ ಅಂಟಿಸಿದಳು.

ಕೆಂಚ ಬಂದು ಒತ್ತಿದ. ಸದ್ದಿಲ್ಲ. ತಲೆ ಓರೆ ಮಾಡಿ ನೋಡಿದ. ಮತ್ತೆ ಒತ್ತಿದ. ಬಿಡಲಿಲ್ಲ. ಮರುದಿನವೂ, ಅದರ ಮರುದಿನವೂ ಮೂಕವಾದ ಬಟನ್ನನ್ನು ಒತ್ತಿ ಗೇಟಿಗೆ ಹೋಗಿ ನೋಡಿ ಬರುತ್ತಿದ್ದ. ಮೊದಲು ಕೂಗು ಕೇಳಿಸುತ್ತಿದ್ದಾಗ ಅವಳಿಗೆ ಕಿರಿಕಿರಿಯಾಗುತ್ತಿತ್ತು. ಈಗ ಹಲಗೆಯ ಮೇಲೆ ಉಗುರು ತಾಗುವ ಟಕ್ ಸದ್ದಷ್ಟೇ. ಅದನ್ನು ಕೇಳಿಕೊಂಡು ಅವಳಿಗೆ ಊಟ ಇಳಿಯಲಿಲ್ಲ.

"ಮಾತು ಕಲಿಸಿದೋಳೂ ನಾನೇ, ಬಾಯಿ ಮುಚ್ಚಿಸಿದೋಳೂ ನಾನೇ," ಎಂದಳಂತೆ ನಾಯಿಗೆ. ಸೆಲ್ಲುಗಳನ್ನು ಮತ್ತೆ ಹಾಕಿ ರಾಜುವಿಗೆ ಫೋನು ಮಾಡಿದಳು.

ಮಂದೆ ಆಗ ಅಂಬ್ಲಿಗೊಳದ ಕಾಲುವೆಯ ಕೆಳಗೆ, ಶಾಂತವೀರಪ್ಪನವರೆಂಬ ರೈತರ ಗದ್ದೆಯಲ್ಲಿತ್ತು. ರಾಜು ಲಗೇಜ್ ಆಟೋ ತಂದ. ದ್ಯಾಮಮ್ಮ ಹಿಂದೆ ಕೆಂಚನನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಳು. ದಾರಿಯುದ್ದಕ್ಕೂ ರಾಜು ಏನೇನೋ ಮಾತಾಡುತ್ತಿದ್ದ, ಅವಳಿಗೆ ಒಂದೂ ಕಿವಿಗೆ ಬೀಳಲಿಲ್ಲ. ಕಾಲುವೆಯ ಏರಿ ಹತ್ತುವಾಗಲೇ ಕೆಂಚ ಮೂಗೆತ್ತಿ ನಡುಗಲು ಶುರು ಮಾಡಿದ. ಇಳಿಸಿದ ಕೂಡಲೇ ಕುಂಟುತ್ತಾ ಮಂದೆಯ ಸುತ್ತ ಒಂದು ಸುತ್ತು ಬಂದ. ಬಲೆಯ ಗೂಟಗಳನ್ನು ಮೂಸಿದ. ಒಂದು ಮೂಲೆ ಆರಿಸಿಕೊಂಡು ಮಲಗಿದ. ಅವಳ ಕಡೆ ತಿರುಗಿ ನೋಡಲಿಲ್ಲ.

"ಯಾಕ್ ತಂದಿ?" ಎಂದ ದೊಡ್ಡಬೀರಪ್ಪ. "ನಿನಗೆ ಜೊತೆಗಿರ್ಲಿ ಅಂತ ಬಿಟ್ಟಿದ್ದೆ."

"ನನಗೆ ಜೊತೆ ಆತು. ಅವ್ನಿಗೆ?"

"ಮುಂದಿನ ಗದ್ದಿಗೆ ಹೆಂಗ್ ನಡೀತಾನೆ?"

"ಮರಿ ಹೊರೋ ಕುದುರಿ ಐತಲ್ಲ. ಅದ್ರ ಮ್ಯಾಲೆ ಹಾಕ್ರಿ."

"ನಾಯಿನ್ನ ಕುದುರಿ ಮ್ಯಾಲೆ? ಜನ ನಗ್ತಾರೆ."

"ನಗ್ಲಿ. ನಾಯಿಗೆ ಮಾತು ಕಲಿಸ್ತೀನಂದಾಗ್ಲೂ ನಕ್ಕಿದ್ರು. ರಾತ್ರಿ ಕಾಯೋಕೆ ಕಾಲು ಬ್ಯಾಡ, ಬಾಯಿ ಸಾಕು."

ದೊಡ್ಡಬೀರಪ್ಪ ಕುದುರೆಯ ಕಡೆ ನೋಡಿ "ಹ್ಞೂಂ" ಎಂದ. ಹೊತ್ತು ಇಳಿಯಿತು. ಅವನು ಕುರಿಗಳನ್ನು ಕೂಗಲು ಬಾಯಿ ತೆರೆದವನು, ಯಾಕೋ ಹೆಂಡತಿಯ ಕಡೆ ತಿರುಗಿ "ನೀನೇ ಕೂಗು" ಎಂದ. ದ್ಯಾಮಮ್ಮ ಕೂಗಿದಳು. ಕುರಿಗಳು ತಲೆಯೆತ್ತಿ ಬಂದವು. ಬಲೆ ಕಟ್ಟಿದರು, ರೊಟ್ಟಿ ಹಾಕಿದರು, ಕೆಂಚ ತಿಂದ. ಅವನು ತಿಂದು ಮುಗಿಸುವವರೆಗೆ ನಿಂತಿದ್ದು, ಅವಳು ಆಟೋ ಹತ್ತಿದಳು. ಮನೆಯಲ್ಲಿ ಕೋಳಿಗಳನ್ನು ಬುಟ್ಟಿಯಡಿ ಮುಚ್ಚುವವರಿರಲಿಲ್ಲ.

ಮಂದೆ ಈಗ ಸೊರಬದ ಕಡೆ ಸಾಗಿದೆ. ಕೆಂಚ ಕುದುರೆಯ ಮೇಲೆ ಮರಿಗಳ ಜೊತೆ ಕುಳಿತು ಹೋಗುವ ಚಿತ್ರವನ್ನು ಯಾರೋ ರಾಜುವಿನ ಫೋನಿಗೆ ಕಳಿಸಿದ್ದರು. ದ್ಯಾಮಮ್ಮ ನೋಡಿ, "ಸಾಹೇಬ!" ಎಂದು ನಕ್ಕಳು.

ಹಲಗೆ ಅಂಗಳದಲ್ಲೇ ಇದೆ. ತೆಗೆಯಲು ಅವಳಿಗೆ ಮನಸ್ಸಿಲ್ಲ. ಹುಂಜ ಒಮ್ಮೊಮ್ಮೆ ಅದರ ಮೇಲೆ ಹಾರಿ ಕೂರುತ್ತದೆ. ಆಗ ನೀಲಿ ಬಟನ್ "ನೀರು" ಎನ್ನುತ್ತದೆ. ಒಳಗಿನಿಂದ ದ್ಯಾಮಮ್ಮ "ಬಂದೆ, ತಡಿ" ಎನ್ನುತ್ತಾಳೆ. ಚೊಂಬು ಹಿಡಿದು ಹೊಸಿಲವರೆಗೆ ಬಂದು, ಹುಂಜವನ್ನು ನೋಡಿ, ನಿಲ್ಲುತ್ತಾಳೆ.

ಇಷ್ಟೇ ನಾನು ಬರೆದದ್ದು. ದ್ಯಾಮಮ್ಮನವರಿಗೆ ಓದು ಬರುವುದಿಲ್ಲ. ನಾಳೆ ಸಂಜೆ ಅವರ ಮನೆಗೆ ಹೋಗಿ ಇದನ್ನು ಅವರಿಗೆ ಓದಿ ಹೇಳುತ್ತೇನೆ. ತಪ್ಪಿದ್ದ ಕಡೆ ಅವರು ಹೇಳಿದ ಹಾಗೆ ತಿದ್ದಿ, ಆಮೇಲೆ ಗ್ರಂಥಾಲಯಕ್ಕೆ ಕೊಡುತ್ತೇನೆ.